ಬೋಟಿಗೆ ಬೋಟಿಯೆಂದೇ ಹೆಸರು

ಹೋದ ವಾರ ಹಳೆಯ ಕೊಡೆಯೊಂದನ್ನು ಗುಜರಿಗೆ ಹಾಕಲು ಬಿಚ್ಚುತ್ತಿದ್ದಾಗ ಅದರ ಕಡ್ಡಿಯೊಂದು ಕೈಗೆ ಬಂತು. ಎಸೆಯಲು ಮನಸ್ಸಾಗಲಿಲ್ಲ. ತುದಿ ಮೊಂಡಾಗಿದೆಯೇ, ಗೀರುತ್ತದೆಯೇ ಎಂದು ಬೆರಳಿನಿಂದ ಸವರಿ ನೋಡಿದೆ. ಹಾಗೆ ನೋಡುವುದನ್ನು ನನಗೆ ಕಲಿಸಿದವರು ನಮ್ಮ ನೆರೆಮನೆಯ ಉಮ್ಮ. ಅವರದು ಬ್ಯಾರಿ ಮುಸ್ಲಿಮರ ಮನೆ. ಮಕ್ಕಳು ಅಮ್ಮನನ್ನು ಉಮ್ಮ ಎಂದು ಕೂಗುವುದನ್ನು ಕೇಳಿ ಕೇಳಿ ತುಳು ಮಾತಾಡುವ ನಮ್ಮ ಮನೆಯವರಿಗೂ ಅವರು ಉಮ್ಮನೇ ಆಗಿಬಿಟ್ಟರು. ಆಡಿನ ಕರುಳನ್ನು ಒಳಮೈ ಹೊರಗೆ ಬರುವಂತೆ ಮಗುಚಿ ತೊಳೆಯಲು ಅವರು ಬಳಸುತ್ತಿದ್ದದ್ದು ಇಂಥದೇ ಕೊಡೆಯ ಕಡ್ಡಿ.

ನಮ್ಮ ಕಡೆ ಆಡಿನ ಹೊಟ್ಟೆ, ಕರುಳು ಎಲ್ಲ ಸೇರಿಸಿ ಬೋಟಿ ಎನ್ನುತ್ತಾರೆ. ತಿನ್ನುವವರು ಬೇಕಾದಷ್ಟು ಮಂದಿ, ತಿನ್ನುತ್ತೇವೆಂದು ಹೇಳಿಕೊಳ್ಳುವವರು ಮಾತ್ರ ಸಿಗುವುದಿಲ್ಲ. ಮದುವೆಯ ಊಟಕ್ಕೆ ಅದು ಬರುವುದಿಲ್ಲ, ನೆಂಟರು ಬಂದರೆ ಪಾತ್ರೆಗೆ ಮುಚ್ಚಳ ಬೀಳುತ್ತದೆ. ಗಂಡ ತೀರಿಕೊಂಡ ಮೇಲೆ ಉಮ್ಮ ಮಾಂಸದಂಗಡಿಯಿಂದ ಬೋಟಿ ತಂದು, ತೆಂಗಿನಕಾಯಿ ಮಸಾಲೆ ಹಾಕಿ ಒಣಗೆ ಹುರಿದು ಸುಕ್ಕ ಮಾಡಿ, ಹೈವೇ ಬದಿಯ ಹೋಟೆಲಿಗೆ ಕೊಡುತ್ತಿದ್ದರು. ಮೂರು ಮಕ್ಕಳು ಬೆಳೆದದ್ದು ಅದರಿಂದಲೇ. ಬಿಸಿನೀರು, ಸುಣ್ಣ, ಅರಸಿನ, ಉಪ್ಪು… ಬಾವಿಕಟ್ಟೆಯ ಬಳಿ ಕುಕ್ಕರಗಾಲಿನಲ್ಲಿ ಕೂತು, ತೊಳೆದ ನೀರು ಚೆಲ್ಲಿದಾಗಲೆಲ್ಲ ಗಟ್ಟಿಯಾಗಿ ಎಣಿಸುತ್ತಿದ್ದರು. ಏಳನೇ ನೀರಿನಲ್ಲಿ ಪಾತ್ರೆಯ ತಳ ಕಾಣದಿದ್ದರೆ ಎಂಟನೆಯದು. ಅವಸರದ ಕೈಗೆ ಬೋಟಿ ಒಲಿಯುವುದಿಲ್ಲ ಎಂಬುದು ಅವರ ಖಡಾಖಂಡಿತ ಅಭಿಪ್ರಾಯವಾಗಿತ್ತು.

ಕೆಲವು ವರ್ಷಗಳ ಹಿಂದೆ, ಗಡಿ ದಾಟಿ ಕೇರಳಕ್ಕೆ ಸೇರಿದ ನಮ್ಮ ಹೊಸಂಗಡಿಯಲ್ಲಿ ಮೊದಲ ಬಾರಿಗೆ ಮಾಂಸದಡುಗೆಯ ಮೇಳ ನಡೆಯಿತು. ಹೆಚ್ಚಿನ ಹೋಟೆಲುಗಳಲ್ಲಿ ಸಿಗದ ಮಾಂಸದ ಅಡುಗೆಗಳೇ ಬೇಕೆಂದು ಮೇಳದವರು ಕೇಳಿದ್ದರು. ನಮ್ಮ ಹೆಂಗಸರ ಸಂಘಕ್ಕೂ ಒಂದು ಸ್ಟಾಲು ಸಿಕ್ಕಿತು. ಸಂಘದ ಸೆಕ್ರೆಟರಿ ನಾನು. ಉಮ್ಮನನ್ನು ಒಪ್ಪಿಸಿದವಳೂ ನಾನೇ. ಆದರೆ ಅಡುಗೆಯ ಹೆಸರು ಕೊಡಲು ಮೇಳದ ಆಫೀಸಿಗೆ ಫೋನು ಮಾಡಿದಾಗ ನನ್ನ ನಾಲಿಗೆ ಹಿಂಜರಿಯಿತು. ಬೋಟಿ ಎಂದರೆ ಆಚೆ ಕಡೆಯವರು ನಕ್ಕರೆ? ಸ್ವಲ್ಪ ಮರ್ಯಾದೆಯ ಶಬ್ದ ಇರಲಿ ಎಂದು "ಆಡಿನ ಕರುಳಿನ ಸುಕ್ಕ" ಎಂದೆ. ಉಮ್ಮ ಸಂಜೆ ಕೇಳಿದರು, "ಬೋಟಿ ಅಂತಲೇ ಹೇಳಿದ್ದೀಯಲ್ಲ?" ನಾನು "ಹೂಂ" ಎಂದೆ.

ಮೇಳದ ದಿನ ನಮ್ಮ ಸ್ಟಾಲಿನ ಮೇಲೆ ದೊಡ್ಡ ಮಲಯಾಳಂ ಬೋರ್ಡು ತೂಗುತ್ತಿತ್ತು. ಕನ್ನಡ ಶಾಲೆಯಲ್ಲಿ ಓದಿದ ನನಗೆ ಮಲಯಾಳಂ ಅಕ್ಷರ ಬರುವುದಿಲ್ಲ, ಉಮ್ಮನಿಗೂ ಬರುತ್ತಿರಲಿಲ್ಲ. ಒಂದು ಕಡೆ ಕಾಡೆ ಹಕ್ಕಿಯ ರೋಸ್ಟು, ಇನ್ನೊಂದು ಕಡೆ ಮೊಲದ ಮಾಂಸ. ನಡುವೆ ನಮ್ಮ ಮುಂದೆ ಆ ಎರಡಕ್ಕಿಂತ ಉದ್ದದ ಸಾಲು! ನಾನು ಹಿಗ್ಗಿ ಹೀರೇಕಾಯಿಯಾದೆ. ಉಮ್ಮ ಸುಕ್ಕದ ಜೊತೆಗೆ ಅಕ್ಕಿಯ ಪತ್ತಿರ್ ರೊಟ್ಟಿ ಇಟ್ಟು ಮೊದಲ ತಟ್ಟೆ ಕೊಟ್ಟರು. ತೆಗೆದುಕೊಂಡವರು ಕಣ್ಣೂರು ಕಡೆಯ ಒಬ್ಬ ದಪ್ಪ ಮೀಸೆಯ ಗೃಹಸ್ಥರು, ಪಕ್ಕದಲ್ಲಿ ಅವರ ಹೆಂಡತಿ. ಅರ್ಧ ತಿಂದು ಅವರು ತಲೆ ಎತ್ತಿ, ತಮ್ಮ ಭಾಷೆಯಲ್ಲಿ ನನ್ನನ್ನು ಅಕ್ಕಾ ಎಂದು ಕರೆದರು.

"ಚೇಚೀ, ರುಚಿ ಉಂಟು. ಆದರೆ ಇದು ಕರಳ್ ಅಲ್ಲವಲ್ಲ?"

ಕರುಳು ಅಂದರೆ ಕರುಳೇ, ಇನ್ನೇನು ಎಂದು ನಾನು ವಾದಕ್ಕಿಳಿದೆ. ಪಕ್ಕದ ಸ್ಟಾಲಿನ ಹುಡುಗಿಗೆ ನಗು ತಡೆಯಲಾಗಲಿಲ್ಲ. ಮಲಯಾಳಂನಲ್ಲಿ ಕರಳ್ ಎಂದರೆ ಲಿವರ್ ಎಂದು ಬಿಡಿಸಿ ಹೇಳಿದಳು. ಫೋನಿನಲ್ಲಿ ನಾನು ಹೇಳಿದ್ದು ಅವರಿಗೆ ಹಾಗೆ ಕೇಳಿಸಿದೆ. ಇಷ್ಟು ಜನ ಸಾಲು ನಿಂತದ್ದು ಆಡಿನ ಲಿವರಿಗೆ!

ಉಮ್ಮ ನನ್ನ ಮುಖ ನೋಡಿದರು. ನಾನು ಅವರ ಕಿವಿಯ ಬಳಿ ಬಗ್ಗಿ, ಹೇಗೂ ರುಚಿಯಾಗಿದೆ ಅನ್ನುತ್ತಿದ್ದಾರೆ, ಬೋರ್ಡು ಹಾಗೇ ಇರಲಿ ಎಂದೆ. ಆ ಮಾತು ಆಡಬಾರದಿತ್ತು. ಉಮ್ಮ ಪಾತ್ರೆಗೆ ಮುಚ್ಚಳ ಹಾಕಿದರು.

"ಬೋಟಿ ಹೇಳ್ಲಿಕ್ಕೆ ನಿನಗೆ ನಾಚಿಕೆ ಎಂತ ಮೋಳೇ? ನನ್ನ ಮಕ್ಕಳು ಇದರಲ್ಲೇ ದೊಡ್ಡವರಾದದ್ದು. ಬೋರ್ಡು ಸರಿ ಮಾಡು. ಅಲ್ಲಿವರೆಗೆ ನಾನು ಸೌಟು ಮುಟ್ಟುದಿಲ್ಲ."

ಮಗಳೇ ಎಂದು ಕರೆದೇ ಬೈದರು. ನನ್ನ ಮುಖ ಸುಟ್ಟ ಹಾಗಾಯಿತು. ರಟ್ಟಿನ ಮೇಲೆ ನಾನು ಕನ್ನಡದಲ್ಲಿ, ಪಕ್ಕದ ಹುಡುಗಿ ಮಲಯಾಳಂನಲ್ಲಿ ದಪ್ಪಗೆ ಬೋಟಿ ಎಂದು ಬರೆದು ತೂಗುಹಾಕಿದೆವು. ಸಾಲು ಕರಗಿತು. ಮೀಸೆಯವರ ಹೆಂಡತಿ ಬಾಯಿಗೆ ಸೆರಗು ಒತ್ತಿ ಗಂಡನನ್ನು ಎಳೆದುಕೊಂಡು ಹೋದರು. ಹೋಗುತ್ತಾ ಒಬ್ಬ ಬಿಳಿ ಅಂಗಿಯವನು ಇದೆಲ್ಲ ಗಲೀಜು ಎಂದ. ಉಮ್ಮ ಕೂತಲ್ಲಿಂದಲೇ, "ನಿಮ್ಮ ಅಂಗಿಗಿಂತ ಹೆಚ್ಚು ನೀರು ಕಂಡಿದೆ ಇದು" ಎಂದರು.

ಅರ್ಧ ಗಂಟೆ ಯಾರೂ ಬರಲಿಲ್ಲ. ದೊಡ್ಡ ಪಾತ್ರೆಯ ತುಂಬ ಸುಕ್ಕ, ಎರಡು ದಿನದ ದುಡಿಮೆ… ನನಗೆ ಅಳು ಬಂತು. ಆಗ ಉಮ್ಮ ಎದ್ದು ನಿಂತರು. ಹೋಟೆಲಿಗೂ ಹಿಂಬಾಗಿಲಿನಿಂದ ಹೋಗಿ ಪಾತ್ರೆ ಕೊಟ್ಟು ಬರುತ್ತಿದ್ದ ಹೆಂಗಸು, ತಲೆಯ ವಸ್ತ್ರ ಸರಿಮಾಡಿಕೊಂಡು, ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದರು, "ಬೋಟಿ ಉಂಟು! ಬೋಟಿ!"

ಮೊದಲು ಬಂದವನು ರಜೆಯಲ್ಲಿ ಗಲ್ಫಿನಿಂದ ಬಂದಿದ್ದ ಒಬ್ಬ ವರ್ಕಾಡಿಯವ. ತಿಂದು ವರ್ಷಗಳಾದವು, ಹೆಂಡತಿ ಮನೆಯೊಳಗೆ ತರಲು ಬಿಡುವುದಿಲ್ಲ ಎಂದು ನಿಂತಲ್ಲೇ ಎರಡು ತಟ್ಟೆ ಮುಗಿಸಿದ. ಆಮೇಲೆ ಬಸ್ಸಿನವರು, ಮೀಂಜದ ಕೃಷಿಕರು, ನಮ್ಮ ತುಳುವರು. ಅಡುಗೆಮನೆಯಲ್ಲಿ ಮುಚ್ಚಿಟ್ಟು ತಿಂದವರೆಲ್ಲ ಅಂದು ಬಯಲಲ್ಲಿ ತಿಂದರು. ಕೊನೆಯ ಸೌಟಿಗೆ ಆ ಮೀಸೆಯವರು ಒಬ್ಬರೇ ಮರಳಿ ಬಂದು, ಉಳಿದರ್ಧ ಕೊಡಿ ಎಂದರು. ಉಮ್ಮ ಪೂರ್ತಿ ತಟ್ಟೆ ಕೊಟ್ಟರು. ಬಹುಮಾನ ಮೊಲದ ಮಾಂಸಕ್ಕೆ ಹೋಯಿತು, ಹೋಗಲಿ. ಖಾಲಿ ಪಾತ್ರೆ ಹೊತ್ತು ಅವರ ಜೊತೆ ಮನೆಗೆ ನಡೆದ ಆ ಸಂಜೆಯಷ್ಟು ಹೆಮ್ಮೆ ನನಗೆ ನನ್ನ ಮಗಳು ಪಾಸಾದಾಗಲೂ ಆಗಿರಲಿಲ್ಲ.

ಅಂದಿನಿಂದ ಊರಿಗೆ ಅವರು ಬೋಟಿ ಉಮ್ಮ ಆದರು. ಯಾರಾದರೂ ಹಾಗೆ ಕರೆದರೆ ದೊಡ್ಡದಾಗಿ ಓಗೊಡುತ್ತಿದ್ದರು. ಪ್ರತಿ ವರ್ಷ ಮೇಳದಲ್ಲಿ ನಮ್ಮ ಪಾತ್ರೆಯೇ ಮೊದಲು ಖಾಲಿಯಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಉಮ್ಮ ಹೋದರು. ದೊಡ್ಡ ಮಗ ಗಲ್ಫಿನಿಂದ ಫೋನು ಮಾಡಿ ಊರಿನ ವಾಟ್ಸಾಪ್ ಗುಂಪುಗಳಿಗೆ ಸುದ್ದಿ ಹಾಕಲು ನನಗೆ ಹೇಳಿದ. ಅವರ ನಿಜವಾದ ಹೆಸರು ಬರೆದೆ. ಅದನ್ನು ಓದಿದರೆ ಯಾರಿಗೂ ಗುರುತು ಸಿಗದು ಅನಿಸಿತು. ಅದರ ಮುಂದೆ ಬೋಟಿ ಉಮ್ಮ ಎಂದು ಸೇರಿಸಿದೆ, ಈ ಸಲ ಹಿಂಜರಿಯಲಿಲ್ಲ. ವರ್ಕಾಡಿಯಿಂದ, ಮೀಂಜದಿಂದ ಜೀಪು ಮಾಡಿಕೊಂಡು ಜನ ಬಂದರು.

ಈ ಸಲದ ಮೇಳಕ್ಕೆ ಮೊನ್ನೆ ಫಾರ್ಮು ಬಂದಿದೆ. ಅಡುಗೆಯ ಹೆಸರು ಎಂಬಲ್ಲಿ ಕೂಡಲೇ ಬರೆದೆ, ಬೋಟಿ. ಅದರ ಕೆಳಗೆ ಅಡುಗೆಯವರ ಹೆಸರು ಎಂದು ಒಂದು ಗೆರೆ ಉಂಟು. ಈ ಸಲ ಬೋಟಿ ತೊಳೆದು ಬೇಯಿಸುವವಳು ನಾನು, ಆದರೆ ಆ ಗೆರೆ ಅವರದು. ಮೂರು ದಿನವಾಯಿತು, ಪೆನ್ನು ಹಿಡಿದು ಕೂರುತ್ತೇನೆ, ಏಳುತ್ತೇನೆ…