ಟಗರಿಗೆ ಹೂ, ಕಾಕಾಗೆ ವಿಚ್

ಮೂಡಲಗಿಯ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಇಂಗ್ಲಿಷಿನಲ್ಲಿ ಒಂದು ರಜೆ ಚೀಟಿ ಬರೆದೆ. ಹೊಟ್ಟೆನೋವು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆದರೆ ಗೋಕಾಕದಿಂದ ಬಸ್ಸಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಸರ್, ಎರಡು ವಾಕ್ಯಗಳನ್ನು ‘ಹೂ’ (who) ಅಥವಾ ‘ವಿಚ್’ (which) ಹಾಕಿ ಒಂದು ಮಾಡುವುದನ್ನು ಆ ವಾರವಷ್ಟೇ ಕಲಿಸಿದ್ದರು. ‘ನಿನ್ನೆ ಬಂದ ಕಾಕಾ’ ಎಂದು ನಾವು ಮೊದಲೇ ಹೇಳಿಬಿಡುವುದನ್ನು ಇಂಗ್ಲಿಷಿನವರು ಕಾಕಾ ಎಂದ ಮೇಲೆ ಹೇಳುತ್ತಾರೆ. ಮನುಷ್ಯರಿಗೆ ಹೂ, ಪ್ರಾಣಿಗೂ ವಸ್ತುವಿಗೂ ವಿಚ್. ಕಲಿತದ್ದನ್ನು ಮೆರೆಸದೆ ಇರುವುದು ನನ್ನಿಂದ ಆಗಲಿಲ್ಲ.

ಹುಕ್ಕೇರಿ ಕಡೆ ಕುರಿ ಸಾಕಿಕೊಂಡಿದ್ದ ನಮ್ಮ ಕಾಕಾ ತಮ್ಮ ಟಗರನ್ನು ಟೆಂಪೋದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದಿದ್ದರು. ಸಂಜೆಯೊಳಗೆ ಹೊರಡುವವರು. ಆ ಟಗರಿನ ಜೊತೆ ಆಡಲು ನನಗೆ ಅರ್ಧ ದಿನ ರಜೆ ಬೇಕಿತ್ತು. ಹುಕ್ಕೇರಿಯಿಂದ ಬಂದಿರುವ ಕಾಕಾ ಮತ್ತು ಬಹಳ ಬಲವಾಗಿರುವ ಅವರ ಟಗರು ನನ್ನನ್ನು ನೋಡಬಯಸಿದ್ದಾರೆ ಎಂಬರ್ಥದ ಉದ್ದನೆಯ ವಾಕ್ಯ ಕಟ್ಟಿದೆ. ಅವಸರದಲ್ಲಿ ಕಾಕಾನ ಹಿಂದೆ ವಿಚ್ ಬಿತ್ತು, ಟಗರಿನ ಹಿಂದೆ ಹೂ.

ಸರ್ ಅದನ್ನು ಇಡೀ ತರಗತಿಗೆ ಓದಿ ಹೇಳಿದರು. ಎಲ್ಲರೂ ನಗುತ್ತಿರುವಾಗಲೇ, ನನ್ನನ್ನು ಕಾದು ಬೇಸತ್ತ ಕಾಕಾ ಬಾಗಿಲಲ್ಲಿ ಬಂದು ನಿಂತರು. ಸರ್‌ಗೂ ತುಂಟತನ ಕಡಿಮೆ ಇರಲಿಲ್ಲ.

“ನಿಮ್ಮ ಹುಡುಗಿ ಟಗರಿಗೆ ಹೂ ಹಾಕ್ಯಾಳ್ರಿ, ನಿಮಗ ವಿಚ್ ಹಾಕ್ಯಾಳ,” ಎಂದರು.

“ಟಗರಿಗೆ ಹೂ ನಾವೂ ಹಾಕ್ತೇವ್ರಿ ಸರ್. ಅದರಾಗ ತಪ್ಪೇನೈತಿ?”

ತರಗತಿ ಮತ್ತೆ ನಕ್ಕಿತು. ನಾನು ತಲೆ ಎತ್ತಲಿಲ್ಲ. ಇದು ಮುಡಿಯುವ ಹೂವಲ್ಲ ಎಂದು ಸರ್ ನಿಯಮವನ್ನು ಬಿಡಿಸಿ ಹೇಳಿದರು. ಕಾಕಾ ರುಮಾಲು ಸರಿಮಾಡಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

“ಅದು ನಮ್ಮ ಮನಿ ಮಗಾ ಇದ್ದಂಗ ಐತ್ರಿ. ನಾ ಊರಾಗ ಇಲ್ಲಂದ್ರ ಮೇವು ಮುಟ್ಟಂಗಿಲ್ಲ. ಅದಕ್ಕ ಮನಷ್ಯಾರ ಮಾತು ಹಚ್ಚಿದ್ರ ಇಂಗ್ಲಿಷಿಗೆ ಏನ್ ತ್ರಾಸ್ರಿ?”

ಪುಸ್ತಕದಲ್ಲಿ ನೋಡಿ ಹೇಳುತ್ತೇನೆ ಎಂದರು ಸರ್. ಎರಡೂ ಪದಗಳಿಗೆ ಕೆಂಪು ಸುತ್ತು ಹಾಕಿ, ರಜೆ ಕೊಟ್ಟು ಕಳಿಸಿದರು.

ಸೋಮವಾರ ಅವರು ದಪ್ಪನೆಯ ವ್ಯಾಕರಣ ಪುಸ್ತಕವೊಂದನ್ನು ಬಗಲಲ್ಲಿಟ್ಟುಕೊಂಡು ಬಂದರು. ಮನೆಯವರಂತೆ ಸಾಕಿದ ಪ್ರಾಣಿಗೆ ಹೂ ಎನ್ನಬಹುದು ಎಂದು ಅದರಲ್ಲಿತ್ತಂತೆ. ನನ್ನ ಚೀಟಿ ತರಿಸಿಕೊಂಡು ಒಂದು ಸುತ್ತನ್ನು ಹೊಡೆದುಹಾಕಿದರು.

“ಟಗರಿಂದು ಖರೆ ಐತಿ. ಕಾಕಾಂದು ಅಷ್ಟ ತಪ್ಪು.”

ಮುಂದಿನ ಸಲ ಬಂದಾಗ ಕಾಕಾ ಆ ವಿಷಯ ಏನಾಯಿತೆಂದು ವಿಚಾರಿಸಿದರು. ಟಗರು ಗೆದ್ದಿತು ಎಂದೆ. ಅವರಿಗೆ ಖುಷಿಯೋ ಖುಷಿ. ತಮ್ಮದೇನಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ.