ನಾಲ್ಕನೆಯ ಬರ್ತ್

ದೆವ್ವ ಕಂಡವರು, ಅಶರೀರವಾಣಿ ಕೇಳಿದವರು, ಸತ್ತ ಅಜ್ಜ ಕನಸಿನಲ್ಲಿ ಬಂದು ಎಚ್ಚರಿಸಿದ ಎನ್ನುವವರು, ಇವರನ್ನೆಲ್ಲ ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನ್ಯೂಜೆರ್ಸಿಯ ನಮ್ಮ ಕನ್ನಡದವರು ಊಟಕ್ಕೆ ಸೇರಿದಾಗ, ಬಿಸಿಬೇಳೆಬಾತ್ ಮುಗಿದು ಮೊಸರನ್ನಕ್ಕೆ ಬರುವ ಹೊತ್ತಿಗೆ ಯಾರಾದರೊಬ್ಬರು ಇಂಥದೊಂದು ಕಥೆ ತೆಗೆಯುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ಆಗ ಗಂಟೆ ಎಷ್ಟು, ದೀಪ ಇತ್ತೇ, ನಿಮಗೆ ಜ್ವರ ಇತ್ತೇ ಎಂದು ಪೊಲೀಸಿನವನ ಹಾಗೆ ಕೇಳಿ ಕಥೆಯ ಜೀವ ತೆಗೆಯುತ್ತಿದ್ದೆ. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದರೂ ಬಿಡುತ್ತಿರಲಿಲ್ಲ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕು ಎಂಬ ಹಟ ನನಗಿಲ್ಲ. ಇದರಲ್ಲಿ ವಿಚಿತ್ರ ಒಂದು ಪಾಲು ಇದ್ದರೆ ನನ್ನ ಮಾನ ಹೋಗುವಂಥದ್ದು ಮೂರು ಪಾಲು ಇದೆ, ಆದ್ದರಿಂದ ನಂಬದಿದ್ದರೆ ನನಗೇ ಒಳ್ಳೆಯದು.

ಅದು ಕಂಪ್ಯೂಟರ್ ಕೆಲಸದ ಸುಗ್ಗಿಯ ಕಾಲ. ನನ್ನ ಜೊತೆ ಅಮೆರಿಕಕ್ಕೆ ಬಂದವರೆಲ್ಲ ಬ್ಯಾಂಕು, ಟೆಲಿಫೋನು, ಡಾಟ್‌ಕಾಮು ಎಂದು ಆರು ತಿಂಗಳಿಗೊಂದು ಕಂಪನಿ ಬದಲಾಯಿಸುತ್ತಿದ್ದರು. ನಾನು ಮಾತ್ರ ಪಿಸ್ಕಾಟವೇಯ ಒಂದು ಗೋದಾಮಿನಂಥ ಕಟ್ಟಡದಲ್ಲಿ, ಮೂವತ್ತು ಜನರ ಒಂದು ಸಣ್ಣ ಕಂಪನಿಯಲ್ಲಿದ್ದೆ. ಮುಂದೆಂದೋ ಮನುಷ್ಯರು ಮಂಗಳ ಗ್ರಹಕ್ಕೆ ಹೋಗುವಾಗ ದಾರಿಯಲ್ಲಿ ಬದುಕಿರುವುದು ಹೇಗೆ ಎಂಬುದು ನಮ್ಮ ಕಂಪನಿಯ ತಲೆಬಿಸಿ. ರಾಕೆಟ್ಟು ಹಾರುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ನಿಜವಾದ ಕಷ್ಟ ಇರುವುದು ಆಮೇಲೆ. ಹೋಗಿಬರಲು ಎರಡು-ಮೂರು ವರ್ಷ ಬೇಕು. ಅಷ್ಟು ದಿನ ಬಿಟ್ಟ ಉಸಿರನ್ನೇ ಶುದ್ಧ ಮಾಡಿ ಮತ್ತೆ ಉಸಿರಾಡಬೇಕು, ಬೆವರು ಮೂತ್ರಗಳನ್ನೇ ಸೋಸಿ ಮತ್ತೆ ಕುಡಿಯಬೇಕು. ಯಾವುದೋ ಒಂದು ಫ್ಯಾನು ಕೆಟ್ಟರೆ ಅಂಗಡಿಗೆ ಹೋಗಿ ತರುವ ಹಾಗಿಲ್ಲ.

ಇದನ್ನೆಲ್ಲ ಭೂಮಿಯ ಮೇಲೆ ಪರೀಕ್ಷಿಸಲು ನಾವು ಉಕ್ಕಿನದೊಂದು ದೊಡ್ಡ ಕೋಣೆ ಕಟ್ಟಿದ್ದೆವು. ಚೇಂಬರ್ ಎನ್ನುತ್ತಿದ್ದೆವು. ನಾಲ್ವರು ಅದರೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಮೂರು ವಾರ ಇರಬೇಕು. ಮಲಗಲು ರೈಲಿನ ಬರ್ತಿನಂಥ ನಾಲ್ಕು ಗೂಡುಗಳು, ಒಂದೊಂದಕ್ಕೂ ಬಿಗಿಯಾದ ಬಾಗಿಲು, ಒಂದೊಂದು ಪುಟ್ಟ ಫ್ಯಾನು. ತೂಕವಿಲ್ಲದ ಜಾಗದಲ್ಲಿ ಬಿಟ್ಟ ಉಸಿರು ಮೇಲಕ್ಕೆ ಹೋಗದೆ ಮಲಗಿದವರ ಮುಖದ ಸುತ್ತಲೇ ನಿಲ್ಲುತ್ತದೆ. ಅದನ್ನು ಫ್ಯಾನೇ ಸರಿಸಬೇಕು. ಭೂಮಿಯ ಮೇಲೆ ಆ ತೊಂದರೆ ಕಡಿಮೆ, ಆದರೆ ಪೆಟ್ಟಿಗೆಯಂತೆ ಮುಚ್ಚಿದ ಆ ಗೂಡಿನಲ್ಲಿ ಫ್ಯಾನು ನಿಂತರೆ ಇಲ್ಲೂ ಕೆಟ್ಟ ಗಾಳಿ ತುಂಬುತ್ತಿತ್ತು. ಹಾಗೆ ತುಂಬಿದ ಕೂಡಲೇ ಗಂಟೆ ಬಾರಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ.

ಪ್ರೋಗ್ರಾಂ ಬರೆದಾದ ಮೇಲೆ ಪರೀಕ್ಷೆ. ಒಬ್ಬ ಗೂಡಿನೊಳಗೆ ತೂರಿ ಸಣ್ಣ ಸಿಲಿಂಡರಿನಿಂದ ಗ್ಯಾಸ್ ಬಿಡಬೇಕು, ಇನ್ನೊಬ್ಬ ಹೊರಗೆ ಗಂಟೆ ಹೊಡೆಯಿತೇ ಎಂದು ನೋಡಬೇಕು. ಆಮೇಲೆ ಹಾಳೆಯ ಮೇಲೆ ಮಾಡಿದವನದೊಂದು ಸಹಿ, ನೋಡಿದವನದೊಂದು ಸಹಿ. ಒಬ್ಬನ ತಪ್ಪು ಇನ್ನೊಬ್ಬನ ಕಣ್ಣಿಗೆ ಬೀಳಲಿ ಎಂದು ಈ ಎರಡು ಸಹಿಯ ನಿಯಮ. ಆ ಶುಕ್ರವಾರ ನನಗೆ ಜೋಡಿಯಾಗಿದ್ದವನು ಮೈಸೂರಿನ ಸತೀಶ. ಇಬ್ಬರೂ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಒಬ್ಬರ ಹಾಜರಿ ಇನ್ನೊಬ್ಬರು ಕೂಗಿ ಪಾಸಾದವರು. ಗೆಳೆಯ ಕ್ಲಾಸಿಗೆ ಬಾರದಿದ್ದರೆ ಅವನ ನಂಬರಿಗೆ 'ಎಸ್ ಸರ್' ಎನ್ನುವುದು ನಮಗೆ ಮೋಸ ಎನಿಸಿದ್ದೇ ಇಲ್ಲ. ಅದು ಗೆಳೆತನ. ಪ್ರಾಕ್ಸಿ ಕೊಡದವನೇ ಕೆಟ್ಟವನು.

ಮರುದಿನ ಕನ್ನಡ ಸಂಘದ ಯುಗಾದಿ. ನದಿಯಾಚೆ ನ್ಯೂಯಾರ್ಕಿನ ಬೆಲ್‌ರೋಸ್‌ನಲ್ಲಿ ಮನೆಯಲ್ಲೇ ಹೋಳಿಗೆ ಮಾಡಿಕೊಡುವ ಆಂಟಿಯೊಬ್ಬರಿಂದ ಇನ್ನೂರು ಹೋಳಿಗೆ ತರುವ ಜವಾಬ್ದಾರಿ ನಮ್ಮಿಬ್ಬರದು. ಮೂರು ಗೂಡುಗಳ ಪರೀಕ್ಷೆ ಮುಗಿಯುವ ಹೊತ್ತಿಗೆ ಐದು ಗಂಟೆ ದಾಟಿತ್ತು. ಸತೀಶ ಗಡಿಯಾರ ನೋಡಿ, "ಮೂರೂ ಹೊಡೀತಲ್ಲ, ನಾಲ್ಕನೇದಕ್ಕೂ ಅದೇ ಕೋಡ್ ತಾನೆ? ಸೈನ್ ಹಾಕ್ಬಿಡೋ, ಬ್ರಿಡ್ಜ್ ಜಾಮ್ ಆಗೋಷ್ಟರಲ್ಲಿ ಹೊರಡೋಣ" ಎಂದ. ಮಾಡದ ಪರೀಕ್ಷೆಯನ್ನು ಮಾಡಿದೆ ಎಂದು ಅವನು ಸಹಿ ಹಾಕಿದ, ನೋಡದ್ದನ್ನು ನೋಡಿದೆ ಎಂದು ನಾನು ಹಾಕಿದೆ. ಹೋಳಿಗೆ ಬಿಸಿಯಾಗಿಯೇ ಸಿಕ್ಕಿತು. ದಾರಿಯಲ್ಲಿ ತಲಾ ಎರಡು ತಿಂದೆವು.

ನಾಲ್ಕನೆಯ ಗೂಡು ವಿಮಲಾ ಅವರದು. ಧಾರವಾಡದ ಕಡೆಯವರು, ಪಕ್ಕದ ವಿಶ್ವವಿದ್ಯಾಲಯದಲ್ಲಿ ಸಸ್ಯಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಚೇಂಬರಿನೊಳಗೆ ದೀಪದ ಬೆಳಕಿನಲ್ಲಿ ಗೋಧಿ, ಸೊಪ್ಪು ಬೆಳೆಯುವುದು ಅವರ ಹೊಣೆ. ಪಟ್ಟಿಯಲ್ಲಿ ಇಲ್ಲದ ಮೆಂತ್ಯ ಸೊಪ್ಪನ್ನು ನಮ್ಮ ಮ್ಯಾನೇಜರ್ ಜೊತೆ ಎರಡು ವಾರ ವಾದ ಮಾಡಿ ಸೇರಿಸಿದ ಗಟ್ಟಿ ಹೆಂಗಸು. ಗಿಡಗಳ ಮೇಲೆ ರಾತ್ರಿ ಕಣ್ಣಿಡಬೇಕಾದ್ದರಿಂದ ಅವರು ಮಲಗುತ್ತಿದ್ದುದು ಮಧ್ಯಾಹ್ನ. ಒಳಗಿನವರೊಂದಿಗೆ ಮಾತಾಡಲು ಹೊರಗಿನ ಮೇಜಿನ ಮೇಲೊಂದು ಮೈಕು ಇತ್ತು, ಒಳಗೂ ಮೈಕು, ಸ್ಪೀಕರುಗಳಿದ್ದವು, ಮೇಜಿನ ಎದುರಿಗೇ ಚೇಂಬರಿನ ದಪ್ಪ ಗಾಜಿನ ಕಿಟಕಿ. ಮಾತೆಲ್ಲ ಟೇಪ್ ಆಗುತ್ತಿದ್ದುದರಿಂದ ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ನಿಯಮವಿತ್ತು. ನಾನೂ ವಿಮಲಾ ಅವರೂ ಅದನ್ನು ಪಾಲಿಸುತ್ತಿದ್ದೆವು.

ನಾಲ್ವರು ಒಳಗೆ ಹೋದ ಹನ್ನೆರಡನೆಯ ದಿನ ಮಧ್ಯಾಹ್ನ ಆ ಮೇಜಿನ ಪಾಳಿ ನನ್ನದು. ಯಾವ ಕಾರಣಕ್ಕೂ ಕುರ್ಚಿ ಖಾಲಿ ಬಿಡಬಾರದು, ಎದ್ದು ಹೋಗಬೇಕಾದರೆ ಮಹಡಿಯ ಮೇಲಿರುವ ಯಾರನ್ನಾದರೂ ಕರೆದು ಕೂರಿಸಿ ಹೋಗಬೇಕು. ಸತೀಶ ಅಷ್ಟರಲ್ಲಿ ನಮ್ಮ ಕಂಪನಿ ಬಿಟ್ಟು ಹೋಬೋಕನ್ನಿನ ಒಂದು ಡಾಟ್‌ಕಾಮ್ ಸೇರಿದ್ದ. ಹೊಸ ಕಾರು ತೆಗೆದುಕೊಂಡು ನೇರ ನಮ್ಮ ಪಾರ್ಕಿಂಗ್ ಲಾಟಿಗೆ ಬಂದು ಫೋನ್ ಮಾಡಿದ. ಎರಡು ನಿಮಿಷ ತಾನೆ ಎಂದು ಯಾರಿಗೂ ಹೇಳದೆ ಎದ್ದುಹೋದೆ. ಸೀಟಿನಲ್ಲಿ ಕೂರಿಸಿದ, ರೇಡಿಯೋ ಹಾಕಿದ, ನಿನಗೂ ಅಲ್ಲೊಂದು ಕೆಲಸ ಕೊಡಿಸುತ್ತೇನೆ ಎಂದ. ಎರಡು ನಿಮಿಷ ಇಪ್ಪತ್ತಾಯಿತು. ಕಾರಿನ ಗಡಿಯಾರದ ಹಸಿರು ಅಂಕಿ ಮೂರು ಹದಿನಾಲ್ಕು ತೋರಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದು ಸರಿಯಾಗಿದೆಯೇ ಎಂದು ನನ್ನ ಕೈಗಡಿಯಾರದ ಜೊತೆ ಹೋಲಿಸಿ ನೋಡಿದ್ದೆ. ಆ ಗಳಿಗೆಯಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಎದೆ ಝಲ್ಲೆನ್ನಲಿಲ್ಲ, ಕಣ್ಣು ಅದುರಲಿಲ್ಲ. ಸೀಟು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ನೋಡುತ್ತಿದ್ದೆ.

ವಾಪಸು ಬಂದಾಗ ಒಳಗಿನವರು ಒತ್ತುವ ತುರ್ತು ಗಂಟೆ ಬಡಿದುಕೊಳ್ಳುತ್ತಿತ್ತು. ನಾನು ಓಡಿಹೋಗಿ ಕುರ್ಚಿಯಲ್ಲಿ ಕೂರುವುದಕ್ಕೂ ಮ್ಯಾನೇಜರ್ ಮಹಡಿ ಇಳಿದು ಬರುವುದಕ್ಕೂ ಸರಿಹೋಯಿತು. ವಿಮಲಾ ಅವರ ಗೂಡಿನ ಫ್ಯಾನು ನಿಂತಿತ್ತು. ಅವರು ಹೇಗೋ ಬಾಗಿಲು ತಳ್ಳಿ ಹೊರಗೆ ಬಿದ್ದು, ವಾಂತಿ ಮಾಡಿಕೊಂಡು, ಗೋಡೆಗೆ ಒರಗಿ ಕೂತಿದ್ದರು. ಜೊತೆಯವರು ಆಮ್ಲಜನಕದ ಮುಖವಾಡ ಹಿಡಿದಿದ್ದರು. ಇನ್ನೊಂದು ಅರ್ಧ ಗಂಟೆ ಮಲಗಿದ್ದರೆ ಏಳುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಮ್ಯಾನೇಜರ್ ಏನಾಯಿತು ಎಂದು ಮೈಕಿನಲ್ಲಿ ಕೇಳಿದಾಗ ಅವರು ಮುಖವಾಡ ಸರಿಸಿ, ನನ್ನ ಹೆಸರು ಹೇಳಿ, ಆತ ಮೂರು ಸಲ ಕರೆದು ಎಬ್ಬಿಸಿದ, ಫ್ಯಾನು ನಿಂತಿದೆ ಎದ್ದೇಳಿ ಎಂದ, ಕನ್ನಡದಲ್ಲಿ ಕರೆದ, ಇಲ್ಲದಿದ್ದರೆ ನನಗೆ ಎಚ್ಚರವಾಗುತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮ್ಯಾನೇಜರ್ ನನ್ನ ಕಡೆ ತಿರುಗಿದರು. ಐವತ್ತು ದಾಟಿದ ಸೌಮ್ಯ ಮನುಷ್ಯ, ಕಣ್ಣಲ್ಲಿ ನೀರಿತ್ತು. ಅಲಾರಂ ಹೊಡೆಯಲಿಲ್ಲ, ಫ್ಯಾನು ನಿಂತದ್ದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ನಾನು ಇರಲಿಲ್ಲ ಎನ್ನಲು ನನಗೆ ಅದೊಂದೇ ಗಳಿಗೆ ಸಿಕ್ಕಿದ್ದು. ನನ್ನ ಬಾಯಿಂದ ಬಂದದ್ದು ಬೇರೆ. ಮೈಕಿನಲ್ಲಿ ಫ್ಯಾನಿನ ಸದ್ದು ಕೇಳಿಸುತ್ತಿತ್ತು, ನಿಂತಂತಾಯಿತು, ಕರೆದೆ ಎಂದೆ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವರು ನನ್ನನ್ನು ತಬ್ಬಿಕೊಂಡರು.

ಸಂಜೆ ನಾನೂ ಮ್ಯಾನೇಜರೂ ಕೂತು ಟೇಪ್ ಕೇಳಿದೆವು. ಮೂರು ಹದಿನಾಲ್ಕರವರೆಗೆ ಬರೀ ಗುಂಯ್ ಸದ್ದು. ಆಮೇಲೆ ವಿಮಲಾ ಅವರ ನಿದ್ದೆಗಣ್ಣಿನ ದನಿ: "ಹಾಂ, ಎದ್ದೆರೀ, ಎದ್ದೆ." ಅದಕ್ಕೆ ಮುಂಚೆ ಕರೆದ ದನಿ ಯಾರದೂ ಇರಲಿಲ್ಲ. ಹೊರಗಿನ ಮೈಕಿನ ರೆಕಾರ್ಡಿಂಗ್ ಕೆಟ್ಟಿರಬೇಕು ಎಂದು ಮ್ಯಾನೇಜರ್ ಬರೆದುಕೊಂಡರು. ಹೌದು, ಕೆಟ್ಟಿರಬೇಕು ಎಂದೆ.

ಶನಿವಾರ ಮಹಡಿಯ ಮೇಲೆ ಯಾರೂ ಇಲ್ಲದಾಗ ಹೋಗಿ ನನ್ನ ಪ್ರೋಗ್ರಾಂ ತೆಗೆದು ನೋಡಿದೆ. ನಾಲ್ಕು ಗೂಡು ಎಣಿಸುವ ಕಡೆ ಮೂರನ್ನೇ ಎಣಿಸಿ ನಿಲ್ಲುವಂತೆ ಬರೆದಿದ್ದೆ. ತೆರೆಯ ಮೇಲೆ ನಾಲ್ಕನೆಯ ಸಾಲಿನಲ್ಲಿ ಮೊದಲ ದಿನದ ಅಂಕಿಯೇ ಹನ್ನೆರಡು ದಿನವೂ ಕೂತಿತ್ತು. ಆ ಶುಕ್ರವಾರ ಒಂದು ನಿಮಿಷ ಗ್ಯಾಸ್ ಬಿಟ್ಟು ನೋಡಿದ್ದರೆ ಸಿಕ್ಕಿಬೀಳುತ್ತಿದ್ದ ತಪ್ಪು. ಅಂದರೆ ನಾನು ಕುರ್ಚಿಯಲ್ಲೇ ಇದ್ದಿದ್ದರೂ ಫ್ಯಾನು ನಿಂತದ್ದು ನನಗೆ ತಿಳಿಯುತ್ತಿರಲಿಲ್ಲ. ಮೂರನ್ನು ನಾಲ್ಕು ಮಾಡಿ, ಯಾರಿಗೂ ಹೇಳದೆ ಮನೆಗೆ ಬಂದೆ. ಪರೀಕ್ಷೆಯ ಹಾಳೆಯಲ್ಲಿ ಎರಡು ಸಹಿ ಇದ್ದುದರಿಂದ, ಅಲಾರಂ ಮೊದಲು ಸರಿಯಾಗಿತ್ತು, ಆಮೇಲೆ ವೈರು ಸಡಿಲವಾಗಿರಬೇಕು ಎಂದು ತನಿಖೆಯ ವರದಿಯಲ್ಲಿ ಬಂತು. ನನಗೊಂದು ಮೆಚ್ಚುಗೆಯ ಪತ್ರ ಕೊಟ್ಟರು. ವಕೀಲರು ಅದನ್ನು ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಲಗತ್ತಿಸಿದರು. ವಿಮಲಾ ಅವರು ಎರಡು ದಿನ ಸುಧಾರಿಸಿಕೊಂಡು, ಬೇಡವೆಂದರೂ ಕೇಳದೆ, ಉಳಿದ ದಿನಗಳನ್ನು ಒಳಗೇ ಮುಗಿಸಿದರು. ಹೊರಗೆ ಬಂದಾಗ ನನಗೆಂದು ಒಂದು ಹಿಡಿ ಮೆಂತ್ಯ ಸೊಪ್ಪು ತಂದುಕೊಟ್ಟರು. ಅದನ್ನು ಹೆಂಡತಿ ಪಲ್ಯ ಮಾಡಿದಳು. ನಾನು ಬರೀ ಮೊಸರನ್ನ ಉಂಡು ಎದ್ದೆ.

ಆ ದನಿಯ ಬಗ್ಗೆ ನಾನು ಒಂದು ಸಮಾಧಾನ ಕಂಡುಕೊಂಡಿದ್ದೆ. ಕೆಟ್ಟ ಗಾಳಿ ತಲೆಗೇರಿದಾಗ ಮನುಷ್ಯರಿಗೆ ಇಲ್ಲದ್ದು ಕೇಳಿಸುತ್ತದೆ. ಫ್ಯಾನಿನ ಸದ್ದು ನಿಂತದ್ದು ಅವರ ನಿದ್ದೆಗೇ ತಿಳಿದು, ಆ ಭಯವೇ ಕನಸಿನಲ್ಲಿ ಗುರುತಿನ ದನಿಯಾಗಿ ಬಂದಿರಬೇಕು. ಹೊರಗಿದ್ದ ಕನ್ನಡದವನು ಆಗ ನಾನೊಬ್ಬನೇ, ಹಾಗಾಗಿ ನನ್ನ ದನಿ. ಈ ಲೆಕ್ಕ ಎಷ್ಟು ಸರಿಯಾಗಿ ಕೂತಿತ್ತೆಂದರೆ, ಬೇರೆಯವರು ದೆವ್ವದ ಕಥೆ ಹೇಳಿದಾಗ ಮತ್ತೆ ಬಾಯಿ ಹಾಕುವಷ್ಟು ಧೈರ್ಯ ಬಂದಿತ್ತು. ಆದರೆ ಹೆಂಡತಿ ಊಟದ ಕೂಟಗಳಲ್ಲಿ ನನ್ನ ಕಥೆಯನ್ನೇ ಹೇಳತೊಡಗಿದಳು, ಇವರು ಒಂದು ಜೀವ ಉಳಿಸಿದರು ಎಂದು. ಪ್ರತಿ ಸಲವೂ ನಾನು ತಟ್ಟೆ ತೊಳೆಯುವ ನೆಪದಲ್ಲಿ ಏಳುತ್ತಿದ್ದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ವರ್ಷಗಳು ಕಳೆದವು. ಮಗಳು ಶಾಲೆಯಲ್ಲಿ ಮಂಗಳ ಯಾನದ ಬಗ್ಗೆ ಪ್ರಾಜೆಕ್ಟ್ ಮಾಡುವಾಗ ಮೊದಲ ಪುಟದಲ್ಲಿ ನನ್ನ ಫೋಟೋ ಅಂಟಿಸಿ, ಕೆಳಗೆ 'ಮೈ ಡ್ಯಾಡ್ ವಾಸ್ ಲಿಸನಿಂಗ್' ಎಂದು ಬರೆದಳು. ಅದನ್ನು ಓದಿ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆ ಭಾನುವಾರ ಬೆಳಿಗ್ಗೆ ವಿಮಲಾ ಅವರ ನಂಬರು ಹುಡುಕಿ ಫೋನ್ ಮಾಡಿದೆ. ಅವರು ಆಗ ಬೇರೆ ರಾಜ್ಯದಲ್ಲಿ ಪ್ರೊಫೆಸರ್. ಕ್ಷೇಮ ಸಮಾಚಾರ ಮುಗಿಯುವ ಮೊದಲೇ, ಧೈರ್ಯ ಹೋಗಿಬಿಟ್ಟೀತೆಂದು, ಅವತ್ತು ನಿಮ್ಮನ್ನು ಕರೆದದ್ದು ನಾನಲ್ಲ, ನಾನು ಪಾರ್ಕಿಂಗ್ ಲಾಟಿನಲ್ಲಿದ್ದೆ ಎಂದುಬಿಟ್ಟೆ.



"ನೀವು ಅಲ್ಲಿ ಇದ್ದಿದ್ದಿಲ್ಲ ಅನ್ನೂದು ನನಗ ಗೊತ್ತಿತ್ರಿ. ಹೊರಗ ಬಂದ ಕೂಡ್ಲೇ ಕಿಟಕ್ಯಾಗಿಂದ ನೋಡಿದೆ. ಕುರ್ಚಿ ಖಾಲಿ ಇತ್ತು, ಅದರ ಮ್ಯಾಲೆ ನಿಮ್ಮ ಸ್ವೆಟರ್ ಇತ್ತು" ಎಂದರು.

ಮತ್ತೆ ನನ್ನ ಹೆಸರು ಯಾಕೆ ಹೇಳಿದಿರಿ ಎಂದೆ.

"ನಾ ಸುಳ್ಳು ಹೇಳಿಲ್ರೀ. ದನಿ ನಿಮ್ದ ಇತ್ತು. ಕುರ್ಚಿ ಖಾಲಿ ಇತ್ತು ಅಂತ ಮಾತ್ರ ಹೇಳಲಿಲ್ಲ. ಹೇಳಿದ್ರ ನಿಮ್ಮ ನೌಕರಿ ಹೋಗ್ತಿತ್ತು, ವೀಸಾನೂ ಹೋಗ್ತಿತ್ತು. ನೀವ ಹೇಳ್ತೀರಿ ಅಂತ ಕಾಯ್ದೆ."

ನಾನು ತೊದಲುತ್ತಾ ಕೆಟ್ಟ ಗಾಳಿ, ಕನಸು ಎಂದು ನನ್ನ ಸಮಾಧಾನವನ್ನು ಅವರ ಮುಂದೆ ಇಟ್ಟೆ. ತಾಳ್ಮೆಯಿಂದ ಕೇಳಿದರು. ತಾವೂ ಹಾಗೇ ಅಂದುಕೊಂಡು ಸುಮ್ಮನಾಗಬಹುದಿತ್ತು ಎಂದರು. ಆದರೆ ಆ ದನಿ ಕೊನೆಯಲ್ಲಿ ಒಂದು ಮಾತು ಹೇಳಿತ್ತಂತೆ. ಅದರ ತಲೆಬುಡ ತಿಳಿಯದ್ದರಿಂದ ಯಾರ ಮುಂದೆಯೂ ಆಡಿರಲಿಲ್ಲವಂತೆ.

"ಮೂರನೇ ಸಲ ಕರೆದಾಗ ದನಿ ಅಳೂ ಹಂಗ ಇತ್ರಿ. 'ನಾಲ್ಕನೇದು ನಾವು ನೋಡ್ಲೇ ಇಲ್ಲ, ಎದ್ದೇಳಿ' ಅಂತು. ನೋಡಲೇ ಇಲ್ಲ ಅಂದ್ರ ಏನ್ರೀ ಅದು? ನಿಮಗೇನರ ಗೊತ್ತದೇನು?"

ಆ ಶುಕ್ರವಾರದ ವಿಷಯ ಈ ಲೋಕದಲ್ಲಿ ಸತೀಶನನ್ನು ಬಿಟ್ಟರೆ ಗೊತ್ತಿದ್ದುದು ನನಗೊಬ್ಬನಿಗೇ. ಅವರ ಕನಸಿಗೆ ಅದು ಹೇಗೆ ಗೊತ್ತಾಗಬೇಕು? ಕರೆದದ್ದು ಏನು, ಎಲ್ಲಿಂದ, ನನ್ನ ದನಿ ಅದಕ್ಕೆ ಹೇಗೆ ಸಿಕ್ಕಿತು ಎಂದು ಇವತ್ತಿಗೂ ನನಗೆ ತಿಳಿಯದು. ಆದರೆ ವಿಮಲಾ ಅವರು ಕೇಳಿದ್ದು ಅದನ್ನಲ್ಲ, ಆ ಮಾತಿನ ಅರ್ಥವನ್ನು. ಲೈನಿನಲ್ಲಿ ಇದ್ದೀರೇನು ಎಂದು ಅವರು ಎರಡು ಸಲ ಕೇಳಿದರು.

ಇದ್ದೇನೆ ಎಂದೆ. ಅರ್ಥ ನನಗೂ ಗೊತ್ತಿಲ್ಲ ಎಂದೆ.