ಅಕ್ಕನ ಫೋನಿಗೆ ಕನ್ನಡ ಕೂರಿಸಿದ್ದು

ಮೊನ್ನೆ ನನ್ನ ಫೋನು ನನ್ನನ್ನು ಗದರಿಸಿತು. ಎಂಥದೋ ಒಂದು ಪುಟ್ಟ ಆ್ಯಪ್ ಹಾಕಿಕೊಳ್ಳಲು ಹೋಗಿದ್ದೆ, ಅಷ್ಟೇ. ಕೆಂಪು ಗುರುತಿನ ಪಕ್ಕದಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲಿ ಎಚ್ಚರಿಕೆ ಬಂತು: ಇದು ಅಪರಿಚಿತ ಮೂಲದಿಂದ ಬಂದದ್ದು, ನಿಮ್ಮ ಸಾಧನಕ್ಕೆ ಹಾನಿಯಾಗಬಹುದು, ಮುಂದುವರಿಯುವಿರಾ? ಎಚ್ಚರಿಕೆಯನ್ನು ಬಿಟ್ಟು ನಾನು ಅಕ್ಷರಗಳನ್ನೇ ನೋಡುತ್ತ ಕೂತೆ. ಒತ್ತು, ದೀರ್ಘ, ಕೊಂಬು ಎಲ್ಲ ತಂತಮ್ಮ ಜಾಗದಲ್ಲಿ. ಎಲಾ ಇವನ! ಹನ್ನೆರಡು ಹದಿಮೂರು ವರ್ಷದ ಹಿಂದೆ ಇದೇ ಕುಲದ ಒಂದು ಫೋನಿಗೆ 'ಅವ್ವ' ಎಂಬ ಎರಡಕ್ಷರ ತೋರಿಸಲು ಬರುತ್ತಿರಲಿಲ್ಲ. ಈಗ ಬೈಯುವಷ್ಟು ಕನ್ನಡ ಕಲಿತಿದೆ. ನಾನು 'ಮುಂದುವರಿಯಿರಿ' ಒತ್ತಿದೆ. ಹೆದರಿಸುವ ಫೋನುಗಳಿಗೆ ಹೆದರುವುದನ್ನು ಬಿಟ್ಟು ನನಗೆ ಬಹಳ ಕಾಲವಾಯಿತು.

ನಾನು ದಾಸನಕೊಪ್ಪದವನು. ದಿನಾ ಬಸ್ಸಿನಲ್ಲಿ ಶಿರಸಿಗೆ ಹೋಗಿ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುವವನು. ಮದುವೆ ಕಾರ್ಡು, ಶಿವಗಣಾರಾಧನೆಯ ಕಾರ್ಡು, ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಒಂದೇ ದಿನ ಬೆಳಿಗ್ಗೆ ಒಬ್ಬರಿಗೆ ಮದುವೆ ಮಾಡಿಸಿ ಮಧ್ಯಾಹ್ನ ಇನ್ನೊಬ್ಬರನ್ನು ಶಿವೈಕ್ಯರನ್ನಾಗಿಸಿದ್ದೂ ಉಂಟು. ಇಷ್ಟೆಲ್ಲ ಕನ್ನಡ ಹೊಡೆಯುವವನಿಗೆ ಕನ್ನಡದ ವಿಷಯದಲ್ಲಿ ಸ್ವಲ್ಪ ಜಂಬ ಇರುವುದು ಸಹಜ. ಆ ಜಂಬಕ್ಕೆ ಆದ ಶಾಸ್ತಿಯನ್ನೂ ಹೇಳುತ್ತೇನೆ, ತಡೆಯಿರಿ.

ಅದಕ್ಕೆ ಮೊದಲು ಅಕ್ಕ. ಭಾವ ತೀರಿಕೊಂಡ ಮೇಲೆ ಮಗಳು ಶೈಲಾಳನ್ನು ಕಟ್ಟಿಕೊಂಡು ನಮ್ಮ ಮನೆಗೇ ಬಂದು, ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ಊರಿನ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಮೂವತ್ತರ ಆಸುಪಾಸಿನಲ್ಲಿ ಬಂದ ಒಂದು ಕೆಟ್ಟ ಜ್ವರ ಅವಳ ಎರಡೂ ಕಿವಿ ತೆಗೆದುಕೊಂಡು ಹೋಯಿತು. ಮಾತು ಉಳಿಯಿತು. ಉಳಿಯಿತು ಅಂದರೆ ಎಂಥ ಉಳಿಯುವುದು, ತನ್ನ ದನಿ ತನಗೆ ಕೇಳದ್ದರಿಂದ ನಾಲ್ಕು ಮನೆಗೆ ಕೇಳುವ ಹಾಗೆ ಮಾತಾಡುತ್ತಿದ್ದಳು. ಅವಳಿಗೆ ಏನಾದರೂ ಹೇಳಬೇಕೆಂದರೆ ಪಾಟಿಯ ಮೇಲೆ ಬರೆಯಬೇಕು. ಅಡುಗೆಮನೆಯಲ್ಲೊಂದು, ಮಷಿನ್ ಹತ್ತಿರ ಒಂದು, ಹಿತ್ತಲ ಬಾಗಿಲಲ್ಲೊಂದು ಪಾಟಿ ದಾರದಲ್ಲಿ ಬಳಪ ಕಟ್ಟಿಸಿಕೊಂಡು ನೇತಾಡುತ್ತಿದ್ದವು. ಜಂಪರು ಹೊಲಿಸುವವರೂ ಬಂದವರೇ ಪಾಟಿ ಹಿಡಿಯುತ್ತಿದ್ದರು: 'ಶುಕ್ರವಾರ ಬೇಕು. ತೋಳು ಗಿಡ್ಡ.' ಪಾಟಿ ಎಷ್ಟಗಲ ಇರುತ್ತದೆ ಹೇಳಿ? ಬರೆಯುವವರಿಗೂ ಬೇಸರ. ಅರ್ಧ ಗಂಟೆಯ ಮಾತು ಅಕ್ಕನ ಹತ್ತಿರ ಮುಟ್ಟುವ ಹೊತ್ತಿಗೆ ಎರಡು ಸಾಲಾಗಿರುತ್ತಿತ್ತು.

ಶೈಲಾ ನರ್ಸಿಂಗ್ ಓದಲು ಹುಬ್ಬಳ್ಳಿಗೆ ಹೋದಳು. ಹಾಸ್ಟೆಲಿನಿಂದ ಅವಳು ಫೋನ್ ಮಾಡಿದರೆ ನಾನು ಎತ್ತಬೇಕು, ಕೇಳಬೇಕು, ಆಮೇಲೆ ಪಾಟಿಗೆ ಬರೆಯಬೇಕು. ಕಾಗದ ಹಾಕುತ್ತಿದ್ದಳು, ಇಲ್ಲವೆಂದಲ್ಲ. ಆದರೆ ಕಾಗದ ಮುಟ್ಟುವ ಹೊತ್ತಿಗೆ ಅತ್ತವರು ಸಮಾಧಾನವಾಗಿ ಊಟ ಮಾಡುತ್ತಿರುತ್ತಾರೆ. ಅದಕ್ಕೇ ನಾನು ಜಾಣತನ ಮಾಡಿ ಅಕ್ಕನಿಗೊಂದು ಟಚ್‌ಸ್ಕ್ರೀನ್ ಫೋನ್ ತಂದುಕೊಟ್ಟೆ. ದಾರ ಪೋಣಿಸಿ ಪೋಣಿಸಿ ಅವಳ ಕಣ್ಣು ಸೋತಿತ್ತು, ಗುಂಡಿ ಒತ್ತುವ ಫೋನಿನ ಬೆರಳಗಲದ ಪರದೆ ಓದಲಾಗುತ್ತಿರಲಿಲ್ಲ. ಮಗಳು ಕನ್ನಡದಲ್ಲಿ ಮೆಸೇಜು ಹಾಕಲಿ, ತಾಯಿ ದೊಡ್ಡ ಪರದೆಯಲ್ಲಿ ಓದಲಿ, ನನ್ನ ಗುಮಾಸ್ತಿಕೆ ತಪ್ಪಲಿ ಎಂದು ನನ್ನ ಲೆಕ್ಕ. ಮೊದಲ ಮೆಸೇಜು ಬಂತು. ಸಾಲಾಗಿ ಚೌಕಗಳು. ಚೌಕ, ಚೌಕ, ಚೌಕ, ಒಂದು ಚುಕ್ಕೆ, ಮತ್ತೆ ಚೌಕ. ಶೈಲಾಳ ಹತ್ತಿರ ಇದ್ದ ಬಡಪಾಯಿ ಗುಂಡಿ ಫೋನಿಗೆ ಕನ್ನಡ ಬರುತ್ತಿತ್ತು, ನಾನು ತಂದ ಶ್ರೀಮಂತ ಫೋನಿಗೆ ಬರುತ್ತಿರಲಿಲ್ಲ.

ಹುಬ್ಬಳ್ಳಿಗೆ ಹೋದಾಗ ಸರ್ವಿಸ್ ಸೆಂಟರಿಗೂ ಹೊಕ್ಕು ಬಂದೆ. ಕೌಂಟರಿನಲ್ಲಿದ್ದವನು ತಲೆ ಎತ್ತದೆ ಹೇಳಿದ: "ಈ ಮಾಡೆಲ್ಲಿನ್ಯಾಗ ಕನ್ನಡ ಬರಂಗಿಲ್ರಿ. ಕನ್ನಡಾನ ಇಂಗ್ಲಿಷ್ ಅಕ್ಷರದಾಗ ಹೊಡಸ್ರಿ. ನಿಮ್ಮ ಅಕ್ಕಾರಿಗೆ ಎಬಿಸಿಡಿ ಕಲಿಸಿಬಿಡ್ರಿ, ಎಷ್ಟ ದಿನಾ ಬೇಕು?"

ಮನೆಗೆ ಬಂದು ಇದನ್ನು ಪಾಟಿಯ ಮೇಲೆ ಬರೆದೆ. ಅಕ್ಕ ಓದಿ, ಮಷಿನ್ ನಿಲ್ಲಿಸಿ, ಓಣಿಗೆಲ್ಲ ಕೇಳುವಂತೆ ಅಂದಳು: "ಅವಂಗ ಜಂಪರ ಹೊಲ್ಯಾಕ ಕಲಿ ಅಂತ ಹೇಳು. ಎಷ್ಟ ದಿನಾ ಬೇಕು?"

ಚೌಕಗಳು ಬರುತ್ತಲೇ ಇದ್ದವು. "ಕಳಿಸಬ್ಯಾಡ, ಓದಾಕ ಬರೂದಿಲ್ಲ" ಎಂದು ನಾನು ಶೈಲಾಳಿಗೆ ಹೇಳಿದೆ. "ಇರಲಿ ಮಾಮಾ, ನಾ ಬರದಿರ್ತೀನಿ" ಎಂದಳು. ಅಕ್ಕನೂ ಅಷ್ಟೇ, ಒಂದನ್ನೂ ಅಳಿಸಲಿಲ್ಲ. ಸಂಜೆ ಮಷಿನ್ ಮುಚ್ಚಿ ಚೌಕಗಳನ್ನು ಕೆಳಗಿನಿಂದ ಮೇಲೆ ಸರಿಸುತ್ತ ಕೂರುತ್ತಿದ್ದಳು. "ಇದು ಉದ್ದ ಐತಿ," ಅನ್ನುತ್ತಿದ್ದಳು, "ಏನೋ ಆಗೈತಿ ಅಕಿಗೆ."

ಆಗಿತ್ತು. ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಒಂದು ದಿನ ಶೈಲಾ ಪ್ರೆಸ್ಸಿಗೇ ಫೋನ್ ಮಾಡಿ, ವಾರ್ಡಿನಲ್ಲಿ ತನ್ನ ಕಣ್ಣೆದುರೇ ಒಂದು ಕೂಸು ಹೋದದ್ದನ್ನು ಹೇಳಿ, ಅತ್ತು, "ನನಗ ಆಗೂದಿಲ್ಲ ಮಾಮಾ, ಬಿಟ್ಟು ಬರ್ತೀನಿ. ಅವ್ವಗ ಹೇಳು" ಎಂದಳು. ಮನೆಗೆ ಬಂದು ನಾನು ಪಾಟಿಯ ಮೇಲೆ ಬರೆದದ್ದು: 'ಶೈಲಾ ಫೋನ್ ಮಾಡಿದ್ಲು. ಅರಾಮ ಅದಾಳ.' ಯಾಕೆ ಹಾಗೆ ಬರೆದೆ? ಅಕ್ಕ ಗಾಬರಿಯಾಗುತ್ತಾಳೆ, ರಾತ್ರಿ ಊಟ ಬಿಡುತ್ತಾಳೆ, ನಾಳೆ ಎಲ್ಲ ಸರಿಹೋಗುತ್ತದೆ ಎಂದು. ದೊಡ್ಡಮನುಷ್ಯನ ಹಾಗೆ ನಾನೇ ತೀರ್ಮಾನ ಮಾಡಿದ್ದೆ. ಅಕ್ಕ ಪಾಟಿ ನೋಡಲಿಲ್ಲ, ನನ್ನ ಮುಖ ನೋಡಿದಳು. "ನನಗ ಕಿವಿ ಇಲ್ಲ ತಮ್ಮಾ, ಕಣ್ಣ ಅದಾವು" ಎಂದಳು. ಮರುದಿನ ನನ್ನ ಜೊತೆ ಬಸ್ಸು ಹತ್ತಿದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪಾಟಿ.

ಶಿರಸಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ರಫೀಕ್‌ಭಾಯಿಯ ಮೊಬೈಲ್ ರಿಪೇರಿ ಅಂಗಡಿ. ಅವರ ಮಗಳ ಮದುವೆ ಕಾರ್ಡು ನಾನೇ ಹೊಡೆದದ್ದು, ಹಾಗೆ ಪರಿಚಯ. ಅವರು ಫೋನು ತಿರುಗಿಸಿ ನೋಡಿ, "ರೂಟ್ ಮಾಡ್ಬೇಕಾಗ್ತದೆ" ಎಂದರು. ಫೋನು ನಾವು ಕೊಂಡದ್ದಾದರೂ ಒಳಕೋಣೆಯ ಕೀಲಿಯನ್ನು ಕಂಪನಿ ತನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡಿರುತ್ತದಂತೆ. ಅಕ್ಷರಗಳ ಪೆಟ್ಟಿಗೆ ಇರುವುದು ಆ ಕೋಣೆಯಲ್ಲಿ. ಆ ಕೀಲಿಯನ್ನು ನಾವೇ ಮಾಡಿಕೊಳ್ಳುವುದೇ ರೂಟ್. ಮಾಡಿದರೆ ಗ್ಯಾರಂಟಿ ಹೋಗುತ್ತದೆ, ಎಡವಟ್ಟಾದರೆ ಫೋನೇ ಇಟ್ಟಿಗೆಯಾಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯನ್ನು ಪಕ್ಕಕ್ಕೆ ಸರಿಸಿ ಗರ್ಭಗುಡಿಗೆ ನುಗ್ಗುವ ಕೆಲಸ. ನನಗೆ ಕೇಳಿಯೇ ಉತ್ಸಾಹ ಬಂತು.

"ಮೂರು ದಾರಿ ಇದೆ ನೋಡಿ ಪ್ರೆಸ್ಸಿನವ್ರೇ" ಎಂದು ರಫೀಕ್‌ಭಾಯಿ ನನಗೆ ಹೇಳತೊಡಗಿದರು. ನಾನು ತಲೆಯಾಡಿಸುತ್ತ, "ಯಾವುದು ಸಲೀಸೈತೋ ಅದನ್ನ ಮಾಡ್ರಿ" ಅನ್ನುವಷ್ಟರಲ್ಲಿ ಅಕ್ಕ ನಮ್ಮಿಬ್ಬರ ಮಧ್ಯೆ ಪಾಟಿ ಚಾಚಿದಳು.

"ಬರೀರಿ. ಪೂರಾ ಬರೀರಿ."

ರಫೀಕ್‌ಭಾಯಿ ನನ್ನ ಮುಖ ನೋಡಿದರು, ಆಮೇಲೆ ಅವಳ ಮುಖ ನೋಡಿದರು, ಆಮೇಲೆ ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. ಪಾಟಿಯ ಎರಡೂ ಮಗ್ಗುಲು ತುಂಬಿ, ಒಮ್ಮೆ ಒರೆಸಿ, ಮತ್ತೆ ತುಂಬಿಸಿದರು. ಗಿರಾಕಿಗಳು ನಿಂತು ನೋಡಿದರು. ಮೊದಲನೆಯ ದಾರಿ: ಒಂದು ಆ್ಯಪ್, ಒಂದೇ ಸಲ ಒತ್ತಿದರೆ ಮುಗಿಯಿತು. ಆದರೆ ಅದನ್ನು ಮಾಡಿದವರು ಯಾರೋ, ಒಳಗೆ ಕೂತು ಏನೇನು ಓದುತ್ತದೋ ಗೊತ್ತಿಲ್ಲ. ಎರಡನೆಯದು: ಕಂಪ್ಯೂಟರಿಗೆ ತಂತಿ ಹಚ್ಚಿ ಬೀಗ ತೆಗೆಯುವುದು. ಶಿಸ್ತಿನ ದಾರಿ, ಆದರೆ ಬೀಗ ತೆಗೆದ ಕೂಡಲೇ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮೆಸೇಜನ್ನು ಬೇರೆ ಕಡೆ ತೆಗೆದಿಡಬಹುದು, ಕನ್ನಡದವು ಸರಿಯಾಗಿ ವಾಪಸ್ಸು ಬರುತ್ತವೆಂದು ಮಾತು ಕೊಡಲಾಗದು. ಮೂರನೆಯದು: ಮೆಮರಿ ಕಾರ್ಡಿನಲ್ಲಿ ಒಂದು ಫೈಲು ಇಟ್ಟು, ಫೋನು ಏಳುವ ಮೊದಲೇ ಗುಂಡಿಗಳನ್ನು ಒಟ್ಟಿಗೆ ಹಿಡಿದು ಒಳಗೆ ಬಿಡುವುದು. ಏನೂ ಅಳಿಯುವುದಿಲ್ಲ. ಆದರೆ ಫೋನು ಸತ್ತರೆ ಹೆಚ್ಚಾಗಿ ಇದರಲ್ಲೇ ಸಾಯುವುದು.

ಅಕ್ಕ ಎರಡು ಸಲ ಓದಿದಳು. "ಮೊದಲನೇದು ಬ್ಯಾಡ," ಎಂದಳು. "ನನ್ನ ಮಗಳ ಮಾತು ಕಂಡೋರು ಯಾಕ ಓದಬೇಕು? ಎರಡನೇದಂತೂ ಬ್ಯಾಡೇ ಬ್ಯಾಡ. ಆ ಚೌಕ ಎಲ್ಲಾ ಅಕಿ ಬರದಿದ್ದು. ಅಳಿಸಿದ ಮ್ಯಾಲ ಕನ್ನಡ ಬಂದು ಏನ್ ಮಾಡೋದು? ಮೂರನೇದು ಮಾಡ್ರಿ."

"ಸತ್ತರೆ?" ಎಂದು ರಫೀಕ್‌ಭಾಯಿ ಬರೆದರು.

"ಈಗೇನ್ ಜೀವಂತ ಐತೇನು?" ಎಂದಳು ಅಕ್ಕ. ಅಂಗಡಿಯೇ ನಕ್ಕಿತು.

ಫೋನು ಸಾಯಲಿಲ್ಲ. ಕಪ್ಪು ಪರದೆಯಲ್ಲಿ ಬಿಳಿ ಸಾಲುಗಳು ಓಡಿದವು, ನಿಂತವು, ನಮ್ಮ ಎದೆಯೂ ನಿಂತಿತು, ಆಮೇಲೆ ಎದ್ದಿತು. ಒಳಕೋಣೆ ತೆರೆಯಿತು. ಇನ್ನು ಅಕ್ಷರ ಕೂರಿಸಬೇಕು. ನನ್ನ ಜಂಬ ತಲೆ ಎತ್ತಿದ್ದು ಇಲ್ಲಿ. "ನೆಟ್ಟಿನ್ಯಾಗ ಹುಡುಕೋದು ಯಾಕ್ರಿ? ನಮ್ಮ ಪ್ರೆಸ್ಸಿನ ಫಾಂಟ್ ತರ್ತೀನಿ. ಮದುವಿ ಕಾರ್ಡಿಂದು, ಮುತ್ತಿನಂಥಾ ಅಕ್ಷರ" ಎಂದೆ. ರಫೀಕ್‌ಭಾಯಿ ಅನುಮಾನಿಸಿದರು. "ಹದಿನೈದು ವರ್ಷ ಆತು ಕನ್ನಡ ಹೊಡ್ಯಾಕತ್ತು" ಎಂದು ನಾನು ಎದೆ ಉಬ್ಬಿಸಿದೆ. ಓಡಿಹೋಗಿ ತಂದೆ, ಹಾಕಿಸಿದೆ.

ಫೋನು ಎದ್ದಿತು ನೋಡಿ! ತುಂಬ ಕನ್ನಡ! ನಾನು ಚಪ್ಪಾಳೆ ತಟ್ಟಿದೆ. ಅಕ್ಕ ಹತ್ತಿರ ಹಿಡಿದು ಓದಲು ಹೋಗಿ ಹುಬ್ಬು ಗಂಟಿಕ್ಕಿದಳು. ಒಂದು ಶಬ್ದಕ್ಕೂ ಅರ್ಥವಿರಲಿಲ್ಲ. ಬಳ್ಳಿ ಸುತ್ತಿದ ಮದುವೆ ಅಕ್ಷರಗಳಲ್ಲಿ ಹುಚ್ಚರ ಬಡಬಡಿಕೆ. ಮೆಸೇಜು ತೆರೆದರೆ ಅಲ್ಲಿ ಅದೇ ಚೌಕಗಳು, ಒಂದೂ ಕದಲಿರಲಿಲ್ಲ. ಆಗ ನನಗೆ ಹೊಳೆಯಿತು, ಪ್ರೆಸ್ಸಿನವರಷ್ಟೇ ಮಾಡಬಹುದಾದ ತಪ್ಪನ್ನು ಮಾಡಿದ್ದೆ. ನಮ್ಮ ಹಳೆಯ ಪ್ರೆಸ್ ಫಾಂಟುಗಳು ವೇಷಧಾರಿಗಳು. ಒಳಗಿರುವುದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ಬಣ್ಣ ಬಳಿದಿರುತ್ತದೆ, ಕಾಗದದ ಮೇಲೆ ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಫೋನಿನಲ್ಲಿದ್ದ ಇಂಗ್ಲಿಷಿಗೆಲ್ಲ ಬಣ್ಣ ಬಿತ್ತು, ಶೈಲಾ ಬರೆದ ನಿಜವಾದ ಕನ್ನಡಕ್ಕೆ ಏನೂ ಆಗಲಿಲ್ಲ. ಹದಿನೈದು ವರ್ಷದಿಂದ ನಾನು ಕನ್ನಡ ಎಂದುಕೊಂಡು ಹೊಡೆದದ್ದೆಲ್ಲ ಈ ವೇಷವೇ. ಎಷ್ಟು ಪೆಚ್ಚಾದೆನೆಂದರೆ, ನೀವು ಅಲ್ಲಿರಲಿಲ್ಲವಲ್ಲ ಎಂದು ಈಗಲೂ ಸಮಾಧಾನ.

ಪೆಚ್ಚಾದದ್ದು ಇರಲಿ, ಹಿಂದಕ್ಕೆ ಹೋಗುವುದು ಹೇಗೆ? ಯಾವ ಗುಂಡಿಯ ಮೇಲೆ ಏನು ಬರೆದಿದೆ ಎಂದು ಬ್ರಹ್ಮನಿಗೂ ಓದಲಾಗದು. ಅಲ್ಲೇ ಎಲ್ಲೋ ಒಂದು ಸಾಲು ಒತ್ತಿದರೆ ಎಲ್ಲ ಅಳಿಸಿ ಹೊಸದಾಗಿಬಿಡುತ್ತದೆ. "ಅಳಿಸಿ ಮೊದಲಿಂದ ಮಾಡೋಣ, ಅದೇ ಆರಾಮ" ಎಂದರು ರಫೀಕ್‌ಭಾಯಿ. ನಾನು ಬೇಡವೆಂದೆ. ಅಕ್ಕನನ್ನು ಕೇಳಲೂ ಇಲ್ಲ, ಈ ಒಂದು ಉತ್ತರ ನನಗೆ ಗೊತ್ತಿತ್ತು. ಅವರ ಕಪಾಟಿನಲ್ಲಿ ಅದೇ ಮಾದರಿಯ, ಗಾಜು ಒಡೆದ ಇನ್ನೊಂದು ಫೋನಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟೆವು. ಅದರಲ್ಲಿ ಐದನೆಯ ಸಾಲು ಒತ್ತಿದರೆ ಇದರಲ್ಲೂ ಐದನೆಯ ಸಾಲು, ಅದರಲ್ಲಿ ಬಲಗಡೆ ಒತ್ತಿದರೆ ಇದರಲ್ಲೂ ಬಲಗಡೆ. ಮಧ್ಯಾಹ್ನದ ಊಟ ಹೋಯಿತು. ಪ್ರೆಸ್ಸಿನಿಂದ ಮೂರು ಸಲ ಕರೆ ಬಂತು, ಎತ್ತಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ವೇಷದ ಫಾಂಟು ಹೊರಬಿದ್ದು, ರಫೀಕ್‌ಭಾಯಿ ನೆಟ್ಟಿನಿಂದ ಇಳಿಸಿದ್ದ ನಿಜದ ಫಾಂಟು ಒಳಗೆ ಕೂತಿತು. ಅಕ್ಕ ಮೆಸೇಜು ತೆರೆದಳು. ಒತ್ತುಗಳು ಕೆಲವು ಕಡೆ ಅಕ್ಷರದ ಕೆಳಗೆ ನಿಲ್ಲದೆ ಪಕ್ಕಕ್ಕೆ ಜರುಗಿದ್ದವು. ಅವಳಿಗೆ ಅದು ಕಾಣಲೇ ಇಲ್ಲ. ತುಟಿ ಅಲುಗತೊಡಗಿತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಂದೊಂದನ್ನೇ ಓದಿದಳು. ನಾನು ಪಕ್ಕದಲ್ಲಿ ಕೂತು ಕಿಟಕಿ ನೋಡುತ್ತಿದ್ದೆ, ನೋಡುವ ಹಾಗೆ ಮಾಡುತ್ತಿದ್ದೆ. ಎಲ್ಲಿಗೆ ಬಂದಿದ್ದಾಳೆಂದು ಅವಳ ಮುಖ ನೋಡಿಯೇ ತಿಳಿಯಿತು.

"ಹುಡುಗಿ ಅತ್ತೈತಿ," ಎಂದಳು. ಇಡೀ ಬಸ್ಸಿಗೆ ಕೇಳಿಸಿತು. "ಬಿಟ್ಟು ಬರ್ತೀನಿ ಅಂದೈತಿ. ನೀ ನನಗ ಅರಾಮ ಅದಾಳ ಅಂತ ಬರದಿ."

ಡ್ರೈವರನ್ನು ಬಿಟ್ಟು ಉಳಿದವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಪಾಟಿಗೆ ಕೈ ಹಾಕಿದೆ.

"ಪಾಟಿ ಇಡು," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಆ ಚೌಕಗಳನ್ನು ಮಾಡಿದ್ದು ಕಂಪನಿ ಎಂದು ಅಷ್ಟು ದಿನ ಹಾರಾಡಿದವನು ನಾನು. ನಾಲ್ಕು ಮಾತು ಹೇಳಿದರೆ ಮೂರನ್ನು ನುಂಗಿ ಒಂದನ್ನು ಮುಟ್ಟಿಸುತ್ತಿದ್ದವನೂ ನಾನೇ. ದಾಸನಕೊಪ್ಪ ಬರುವವರೆಗೆ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾರನೆಯ ದಿನ ಅಕ್ಕ ಮಷಿನ್ ಮೇಲೆ ಬಟ್ಟೆ ಹೊದಿಸಿ ಒಬ್ಬಳೇ ಹುಬ್ಬಳ್ಳಿಗೆ ಹೋದಳು. ಕಿವಿ ಹೋದ ಮೇಲೆ ಒಬ್ಬಳೇ ಊರು ದಾಟಿದ್ದು ಅದೇ ಮೊದಲು. ಮೂರು ದಿನ ಬಿಟ್ಟು ಬಂದಳು. ಶೈಲಾ ಓದು ಬಿಡಲಿಲ್ಲ, ಈಗ ಯಲ್ಲಾಪುರದಲ್ಲಿ ನರ್ಸು. ತಾಯಿ ಮಗಳು ಆ ಮೂರು ದಿನ ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲಾಮೇಲೆ ಫೋನು ಟಿಣ್ ಎಂದು ನಡುಗಿದಾಗ, "ಏನಂತ?" ಎಂದು ನಾನು ಕೈಸನ್ನೆ ಮಾಡಿದರೆ ಅಕ್ಕ ಪರದೆಯನ್ನು ಎದೆಗೆ ಒತ್ತಿಕೊಂಡು, "ನನಗ ಬರದಾಳ" ಅನ್ನುತ್ತಿದ್ದಳು. ಸ್ವಲ್ಪ ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ವಾರ ಅಕ್ಕನನ್ನು ಶಿರಸಿಯಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಹಳ ದಿನದಿಂದ ಹೊಟ್ಟೆನೋವು. ಡಾಕ್ಟರು ಸ್ಕ್ಯಾನಿನ ಹಾಳೆ ನೋಡಿ, ಒಳ್ಳೆಯ ಮನುಷ್ಯರೇ, ದನಿ ತಗ್ಗಿಸಿ ನನ್ನ ಕಡೆ ಬಾಗಿದರು. "ಗರ್ಭಕೋಶದಲ್ಲಿ ಗಡ್ಡೆ ಇದೆ. ಆಪರೇಷನ್ ಬೇಕಾಗ್ತದೆ. ಟೆಸ್ಟಿಗೆ ಕಳಿಸ್ಬೇಕು, ಏನಂತ ಈಗಲೇ ಹೇಳಕ್ಕಾಗೋದಿಲ್ಲ. ಅವರಿಗೆ ಇಷ್ಟೆಲ್ಲ ಹೇಳೋದು ಬೇಡ, ಹೆದರ್ತಾರೆ. ಸಣ್ಣ ಆಪರೇಷನ್ ಅಂತ ಹೇಳ್ಬಿಡಿ, ಸಾಕು."

ಹೆದರಿದ್ದು ನಾನು. ಪಾಟಿಯ ಜಾಗಕ್ಕೆ ಈಗ ಬಂದಿರುವ ಅವಳ ಫೋನಿನಲ್ಲಿ ಸಣ್ಣ ಆಪರೇಷನ್ ಎಂದು ಟೈಪು ಮಾಡುವುದು ಎಷ್ಟು ಸುಲಭವಿತ್ತು! ಅಕ್ಕ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಆ ಫೋನು ತೆಗೆದು ಡಾಕ್ಟರ ಮುಂದೆ ಇಟ್ಟೆ.

"ನಾ ಹೇಳೂದಿಲ್ರಿ," ಎಂದೆ. "ಅಕಿಗೇ ಬರೀರಿ. ನನಗ ಹೇಳಿದ್ದಷ್ಟೂ ಬರೀರಿ."

ಡಾಕ್ಟರು ಬರೆದರು. ಅಕ್ಕ ಓದಿದಳು. ಇನ್ನೊಮ್ಮೆ ಓದಿದಳು. ಡಾಕ್ಟರು ಮುಂದೇನು ಎನ್ನುವಂತೆ ಮತ್ತೆ ನನ್ನ ಮುಖ ನೋಡಿದರು.

"ಅವನ ಮಾರಿ ಏನ್ ನೋಡ್ತೀರಿ ಡಾಕ್ಟರ್ರ?" ಎಂದಳು ಅಕ್ಕ. ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳಿರಬೇಕು. "ಹೊಟ್ಟಿ ನಂದೈತಿ. ಆಪರೇಷನ್ ಯಾವಾಗ, ನನಗ ಬರೀರಿ."